ಹಣ್ಣು ಮತ್ತು ತರಕಾರಿ ಸಿಪ್ಪೆಗಳ ಸೌಂದರ್ಯವರ್ಧಕ ಬಳಕೆ

ಹಣ್ಣು ಮತ್ತು ತರಕಾರಿ ಸಿಪ್ಪೆಗಳ ಸೌಂದರ್ಯವರ್ಧಕ ಬಳಕೆ ಎಂದರೆ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಎಸೆಯಲಾಗುವ ಸಿಪ್ಪೆಗಳನ್ನು ಹಸಿಯಾಗಿ, ಒಣಗಿಸಿ ಪುಡಿಮಾಡಿ ಅಥವಾ ಕಷಾಯದ ರೂಪದಲ್ಲಿ ಚರ್ಮ ಮತ್ತು ಕೂದಲಿನ ಆರೈಕೆಗೆ ಉಪಯೋಗಿಸುವ ಪದ್ಧತಿ. ಕಿತ್ತಳೆ, ನಿಂಬೆ, ದಾಳಿಂಬೆ, ಬಾಳೆ, ಪಪ್ಪಾಯಿ, ಸೌತೆಕಾಯಿ, ಆಲೂಗಡ್ಡೆ ಮತ್ತು ಈರುಳ್ಳಿಯ ಸಿಪ್ಪೆಗಳು ಈ ಬಳಕೆಯಲ್ಲಿ ಪ್ರಮುಖವಾದವು. ಭಾರತದಲ್ಲಿ ಕಡಲೆಹಿಟ್ಟು, ಹೆಸರುಹಿಟ್ಟು, ಅರಿಶಿನ ಮೊದಲಾದವುಗಳೊಡನೆ ಸಿಪ್ಪೆಯ ಪುಡಿಯನ್ನು ಬೆರೆಸಿ ಸ್ನಾನದ ಪುಡಿ ಹಾಗೂ ಮುಖಲೇಪಗಳನ್ನು ತಯಾರಿಸುವುದು ರೂಢಿಯಲ್ಲಿದೆ.

ಸಿಪ್ಪೆಗಳಲ್ಲಿ ಜೈವಿಕವಾಗಿ ಸಕ್ರಿಯವಾದ ಅನೇಕ ರಾಸಾಯನಿಕಗಳಿರುವುದು ಪ್ರಯೋಗಾಲಯಗಳಲ್ಲಿ ದೃಢಪಟ್ಟಿದೆ. ಆದರೆ ಮನೆಯಲ್ಲಿ ತಯಾರಿಸಿದ ಲೇಪಗಳ ಪರಿಣಾಮದ ಬಗ್ಗೆ ಮನುಷ್ಯರ ಮೇಲೆ ನಡೆದಿರುವ ಪರೀಕ್ಷೆಗಳು ವಿರಳ. ಇನ್ನೊಂದೆಡೆ, ಕೆಲವು ಸಿಪ್ಪೆಗಳಿಂದ ಚರ್ಮಕ್ಕೆ ಉಂಟಾಗುವ ಹಾನಿಗಳು ವೈದ್ಯಕೀಯ ಸಾಹಿತ್ಯದಲ್ಲಿ ವಿವರವಾಗಿ ದಾಖಲಾಗಿವೆ. ಆದ್ದರಿಂದ ‘ನೈಸರ್ಗಿಕ’ವಾದ ಕಾರಣಕ್ಕೆ ಎಲ್ಲ ಸಿಪ್ಪೆಗಳೂ ನಿರಪಾಯಕಾರಿ ಎಂಬ ನಂಬಿಕೆಯು ಸರಿಯಲ್ಲ.

ಸಿಪ್ಪೆಯ ರಚನೆ ಮತ್ತು ಘಟಕಗಳು

ಸಿಪ್ಪೆಯು ಹಣ್ಣಿನ ರಕ್ಷಣಾಕವಚ. ತೇವಾಂಶದ ನಷ್ಟ, ಸೂರ್ಯನ ಅತಿನೇರಳೆ ಕಿರಣ, ಕೀಟ ಹಾಗೂ ಶಿಲೀಂಧ್ರಗಳಿಂದ ಒಳಗಿನ ತಿರುಳು ಮತ್ತು ಬೀಜವನ್ನು ಕಾಪಾಡುವುದು ಅದರ ಕಾರ್ಯ. ಈ ಕಾರಣದಿಂದ ಮೇಣ, ನಾರು, ವರ್ಣದ್ರವ್ಯ, ಟ್ಯಾನಿನ್ ಮತ್ತು ಫೀನಾಲ್ ವರ್ಗದ ಸಂಯುಕ್ತಗಳು ಅನೇಕ ಹಣ್ಣುಗಳಲ್ಲಿ ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚಾಗಿ ಸಂಗ್ರಹಗೊಂಡಿರುತ್ತವೆ. ಸಿಪ್ಪೆಯ ಗುಣ ಮತ್ತು ದೋಷಗಳೆರಡಕ್ಕೂ ಮೂಲ ಇದೇ ಆಗಿದೆ. ಸಸ್ಯವು ತನ್ನ ಶತ್ರುಗಳನ್ನು ದೂರವಿಡಲು ತಯಾರಿಸಿಕೊಂಡ ಸಂಯುಕ್ತಗಳಲ್ಲಿ ಕೆಲವು ಮನುಷ್ಯನ ಚರ್ಮವನ್ನೂ ಕೆರಳಿಸಬಲ್ಲವು.

ನಿಂಬೆಯ ಕುಲಕ್ಕೆ ಸೇರಿದ ಹಣ್ಣುಗಳ ಸಿಪ್ಪೆಯಲ್ಲಿ ಎರಡು ಪದರಗಳನ್ನು ಸ್ಪಷ್ಟವಾಗಿ ಗುರುತಿಸಬಹುದು. ಹೊರಗಿನ ಬಣ್ಣದ ಪದರದಲ್ಲಿ ಸುಗಂಧತೈಲ ತುಂಬಿದ ಸೂಕ್ಷ್ಮ ಗ್ರಂಥಿಗಳಿರುತ್ತವೆ. ಸಿಪ್ಪೆಯನ್ನು ಹಿಂಡಿದಾಗ ಚಿಮ್ಮುವ ದ್ರವ ಇದೇ. ಒಳಗಿನ ಬಿಳಿಯ ಮೆತ್ತನೆಯ ಪದರದಲ್ಲಿ ಪೆಕ್ಟಿನ್ ಹಾಗೂ ಹೆಸ್ಪೆರಿಡಿನ್‌ನಂತಹ ಫ್ಲೇವನಾಯ್ಡ್‌ಗಳು ಅಧಿಕವಾಗಿರುತ್ತವೆ. ಪೆಕ್ಟಿನ್ ಅನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಆನ್ರಿ ಬ್ರಾಕೊನೊ 1825ರಲ್ಲಿ ವಿವರಿಸಿದನು. ನೀರಿನೊಡನೆ ಸೇರಿದಾಗ ಲೋಳೆಯಂತಾಗುವ ಈ ವಸ್ತುವನ್ನು ಇಂದು ಆಹಾರ ಮತ್ತು ಪ್ರಸಾಧನ ಉದ್ಯಮಗಳಲ್ಲಿ ದ್ರವವನ್ನು ಗಟ್ಟಿಗೊಳಿಸಲು ಬಳಸುತ್ತಾರೆ.

ಹಸಿ ಕಿತ್ತಳೆ ಸಿಪ್ಪೆಯ 100 ಗ್ರಾಂನಲ್ಲಿ ಸುಮಾರು 136 ಮಿಲಿಗ್ರಾಂ ಸಿ ಜೀವಸತ್ವವಿದ್ದರೆ, ಅಷ್ಟೇ ತೂಕದ ತಿರುಳಿನಲ್ಲಿ ಸುಮಾರು 53 ಮಿಲಿಗ್ರಾಂ ಇರುತ್ತದೆ. ಆದರೆ ಈ ಜೀವಸತ್ವವು ಶಾಖ, ಬೆಳಕು ಮತ್ತು ಗಾಳಿಯ ಸಂಪರ್ಕದಲ್ಲಿ ಬೇಗನೆ ನಶಿಸುತ್ತದೆ. ಆದುದರಿಂದ ಹಸಿ ಸಿಪ್ಪೆಯ ಲೆಕ್ಕವನ್ನು ಬಿಸಿಲಿನಲ್ಲಿ ಒಣಗಿಸಿ ತಿಂಗಳುಗಟ್ಟಲೆ ಸಂಗ್ರಹಿಸಿದ ಪುಡಿಗೆ ಅನ್ವಯಿಸಲಾಗದು.

ಇತಿಹಾಸ

ಸಸ್ಯಗಳ ತೊಗಟೆ, ಬೇರು, ಹೂವು ಮತ್ತು ಹಣ್ಣುಗಳನ್ನು ಅರೆದು ಮೈಗೆ ಹಚ್ಚುವ ಪದ್ಧತಿ ಭಾರತದಲ್ಲಿ ಪ್ರಾಚೀನವಾದುದು. ಪುಡಿಗಳಿಂದ ಮೈಯನ್ನು ಉಜ್ಜುವ ಕ್ರಮಕ್ಕೆ ಆಯುರ್ವೇದದಲ್ಲಿ ‘ಉದ್ವರ್ತನ’ ಎಂದು ಹೆಸರು. ವಾಗ್ಭಟನ ‘ಅಷ್ಟಾಂಗಹೃದಯ’ವು ಇದನ್ನು ದಿನಚರ್ಯೆಯ ಭಾಗವಾಗಿ ಹೇಳುತ್ತದೆ. ಅದೇ ಗ್ರಂಥವು ಆರು ಋತುಗಳಿಗೆ ತಕ್ಕಂತೆ ಆರು ಬಗೆಯ ಮುಖಲೇಪಗಳನ್ನು ಸೂಚಿಸಿದೆ. ಹಣ್ಣಿನ ಸಿಪ್ಪೆಯನ್ನು ತಿರುಳಿನಿಂದ ಬೇರೆಯಾದ ದ್ರವ್ಯವೆಂದು ಪರಿಗಣಿಸುವ ದೃಷ್ಟಿಯೂ ಆಯುರ್ವೇದದಲ್ಲಿದೆ. ಮಾದಲದ ಹಣ್ಣಿನ ಸಿಪ್ಪೆಯ ಗುಣಗಳನ್ನು ತಿರುಳಿನ ಗುಣಗಳಿಂದ ಪ್ರತ್ಯೇಕಿಸಿ ಹೇಳಿರುವುದು ಇದಕ್ಕೆ ಉದಾಹರಣೆ. ದಾಳಿಂಬೆಯ ಸಿಪ್ಪೆಯು ಅತಿಸಾರಕ್ಕೆ ಬಳಸುವ ಸ್ತಂಭಕ ಔಷಧಿಯಾಗಿ ಪ್ರಸಿದ್ಧವಾಗಿದೆ.

ಕರ್ನಾಟಕದಲ್ಲಿ ರಚಿತವಾದ ಮಧ್ಯಕಾಲೀನ ಗ್ರಂಥಗಳಲ್ಲಿಯೂ ಅಂಗರಾಗ ಮತ್ತು ಸುಗಂಧದ್ರವ್ಯಗಳಿಗೆ ವಿಶೇಷ ಸ್ಥಾನವಿದೆ. 11ನೇ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ತಯಾರಿಕೆಯ ವಿಷಯ ಬರುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನ ಸ್ನಾನ ಮತ್ತು ವಿಲೇಪನಗಳನ್ನು ಭೋಗಗಳ ಸಾಲಿನಲ್ಲಿ ವರ್ಣಿಸುತ್ತದೆ.

ಸಾಬೂನು ಮತ್ತು ಶಾಂಪೂ ವ್ಯಾಪಕವಾಗಿ ಬಳಕೆಗೆ ಬರುವ ಮುನ್ನ ಕರ್ನಾಟಕದ ಮನೆಗಳಲ್ಲಿ ಎಣ್ಣೆಸ್ನಾನದ ಜಿಡ್ಡನ್ನು ತೆಗೆಯಲು ಸೀಗೆಪುಡಿ, ಅಂಟುವಾಳಕಾಯಿ ಮತ್ತು ಕಡಲೆಹಿಟ್ಟುಗಳೇ ಆಧಾರವಾಗಿದ್ದವು. ದೀಪಾವಳಿ, ಯುಗಾದಿಯಂತಹ ಹಬ್ಬಗಳ ಅಭ್ಯಂಜನದಲ್ಲಿ ಈ ರೂಢಿ ಇಂದಿಗೂ ಉಳಿದಿದೆ. ಇವುಗಳಲ್ಲಿ ಅಂಟುವಾಳದ ಉಪಯುಕ್ತ ಭಾಗವು ಕಾಯಿಯ ಸಿಪ್ಪೆಯೇ ಆಗಿದೆ.

ಪ್ರಮುಖ ಸಿಪ್ಪೆಗಳು

ಕಿತ್ತಳೆ

ಮುಖಲೇಪಗಳಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಕಿತ್ತಳೆಯ ಸಿಪ್ಪೆ. ಭಾರತದಲ್ಲಿ ಪ್ರಸಿದ್ಧವಾದ ಕೊಡಗಿನ ಕಿತ್ತಳೆ ಮತ್ತು ನಾಗಪುರದ ಕಿತ್ತಳೆಗಳೆರಡೂ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿವೆ. ಸಿಪ್ಪೆಯ ತೈಲದಲ್ಲಿ ಲಿಮೊನೀನ್ ಎಂಬ ಸಂಯುಕ್ತವೇ ಪ್ರಧಾನವಾಗಿದ್ದು, ಸಿಹಿ ಕಿತ್ತಳೆಯ ತೈಲದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಶೇಕಡ 90ಕ್ಕಿಂತ ಹೆಚ್ಚು. ಜಿಡ್ಡನ್ನು ಕರಗಿಸುವ ಗುಣವಿರುವುದರಿಂದ ಇದನ್ನು ಶುಚಿಕಾರಕಗಳಲ್ಲಿಯೂ ಬಳಸುತ್ತಾರೆ. ಒಣಗಿದ ಸಿಪ್ಪೆಯ ಪುಡಿಯು ತರಿತರಿಯಾಗಿದ್ದು, ಚರ್ಮದ ಮೇಲಿನ ಸತ್ತ ಜೀವಕೋಶಗಳನ್ನು ಉಜ್ಜಿ ತೆಗೆಯಲು ನೆರವಾಗುತ್ತದೆ.

ನಿಂಬೆ

ರಸ ಹಿಂಡಿದ ನಿಂಬೆಯ ಹೋಳಿನಿಂದ ಮೊಣಕೈ, ಮೊಣಕಾಲು ಮತ್ತು ಹಿಮ್ಮಡಿಗಳನ್ನು ಉಜ್ಜುವುದು ಜನಪ್ರಿಯ ಮನೆಮದ್ದು. ಸಿಪ್ಪೆಯ ಒಳಭಾಗದಲ್ಲಿ ಉಳಿದ ರಸದ ಸಿಟ್ರಿಕ್ ಆಮ್ಲವು ಒರಟಾದ ಹೊರಪದರವನ್ನು ಸಡಿಲಗೊಳಿಸುತ್ತದೆ. ಆದರೆ ಸೌಂದರ್ಯ ಆರೈಕೆಗೆ ಬಳಸುವ ಸಿಪ್ಪೆಗಳಲ್ಲಿ ಅತಿ ಹೆಚ್ಚು ಎಚ್ಚರಿಕೆ ಬೇಕಾದುದೂ ಇದಕ್ಕೇ. ಇದರ ಕಾರಣಗಳನ್ನು ‘ಅಪಾಯಗಳು’ ವಿಭಾಗದಲ್ಲಿ ವಿವರಿಸಲಾಗಿದೆ.

ದಾಳಿಂಬೆ

ದಾಳಿಂಬೆಯ ಸಿಪ್ಪೆಯಲ್ಲಿ ಪ್ಯುನಿಕಾಲಜಿನ್ ಮೊದಲಾದ ಟ್ಯಾನಿನ್‌ಗಳು ಹಾಗೂ ಎಲ್ಯಾಜಿಕ್ ಆಮ್ಲ ಹೇರಳವಾಗಿವೆ. ಟ್ಯಾನಿನ್‌ಗಳು ಪ್ರೋಟೀನುಗಳೊಡನೆ ಬೆಸೆದುಕೊಂಡು ಚರ್ಮವನ್ನು ಬಿಗಿಗೊಳಿಸಿದ ಅನುಭವ ನೀಡುತ್ತವೆ. ಇದೇ ಗುಣದಿಂದಾಗಿ ಈ ಸಿಪ್ಪೆಯು ಚರ್ಮ ಹದಮಾಡುವ ಕೆಲಸದಲ್ಲಿ ಮತ್ತು ಬಟ್ಟೆಗಳ ನೈಸರ್ಗಿಕ ಬಣ್ಣಗಾರಿಕೆಯಲ್ಲಿ ಬಳಕೆಯಾಗಿದೆ. ಟ್ಯಾನಿನ್ ಕಬ್ಬಿಣದೊಡನೆ ಸೇರಿದಾಗ ಕಪ್ಪು ಬಣ್ಣ ಉಂಟಾಗುತ್ತದೆ. ಗೋರಂಟಿ ಅಥವಾ ಮೆಹಂದಿಯ ಮಿಶ್ರಣವನ್ನು ಚಹಾ ಕಷಾಯದೊಡನೆ ಕಬ್ಬಿಣದ ಬಾಣಲೆಯಲ್ಲಿ ನೆನೆಯಿಡುವ ಪದ್ಧತಿಯ ಹಿಂದೆಯೂ, ಕೂದಲಿನ ಬಣ್ಣಕ್ಕೆ ದಾಳಿಂಬೆ ಸಿಪ್ಪೆಯನ್ನು ಸೇರಿಸುವುದರ ಹಿಂದೆಯೂ ಇರುವುದು ಇದೇ ರಾಸಾಯನಿಕ ಕ್ರಿಯೆ.

ಬಾಳೆ

ಬಾಳೆಹಣ್ಣಿನ ತೂಕದ ಸುಮಾರು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಿಪ್ಪೆಯೇ ಇರುತ್ತದೆ. ಒಳಭಾಗವನ್ನು ಮುಖಕ್ಕೆ ಉಜ್ಜಿದಾಗ ತೇವಾಂಶ ಮತ್ತು ಲೋಳೆಯಿಂದ ಚರ್ಮವು ಸ್ವಲ್ಪ ಹೊತ್ತು ಮೃದುವಾಗಿ ಭಾಸವಾಗುತ್ತದೆ. ಸುಲಿದ ಸಿಪ್ಪೆ ಬೇಗನೆ ಕಪ್ಪಾಗುವುದಕ್ಕೆ ಅದರಲ್ಲಿರುವ ಡೋಪಮಿನ್ ಮೊದಲಾದ ಫೀನಾಲ್ ಸಂಯುಕ್ತಗಳು ಕಿಣ್ವದ ಪ್ರಭಾವದಿಂದ ಗಾಳಿಯಲ್ಲಿ ಉತ್ಕರ್ಷಣೆಗೊಳ್ಳುವುದೇ ಕಾರಣ. ಮೊಡವೆ, ನರುಳ್ಳೆ ಹಾಗೂ ಸುಕ್ಕುಗಳನ್ನು ಇದು ನಿವಾರಿಸುತ್ತದೆ ಎಂಬ ಪ್ರಚಾರಕ್ಕೆ ಸಾಕಷ್ಟು ವೈದ್ಯಕೀಯ ಆಧಾರವಿಲ್ಲ.

ಪಪ್ಪಾಯಿ

ಪಪ್ಪಾಯಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಂತಹ ದ್ರವದಲ್ಲಿ ಪ್ರೋಟೀನನ್ನು ಒಡೆಯುವ ಪಪೇನ್ ಎಂಬ ಕಿಣ್ವವಿದೆ. ಮಾಂಸವನ್ನು ಬೇಗ ಬೇಯಿಸಲು ಪಪ್ಪಾಯಿಕಾಯಿ ಸೇರಿಸುವುದು ಇದರ ಬಲದಿಂದಲೇ. ಹಣ್ಣಾದಂತೆ ಈ ದ್ರವ ಕಡಿಮೆಯಾಗುತ್ತದೆ. ಆದುದರಿಂದ ಮಾಗಿದ ಹಣ್ಣಿನ ಸಿಪ್ಪೆಯು ಸೌಮ್ಯವಾಗಿದ್ದು, ಕಾಯಿಯ ಸಿಪ್ಪೆಯು ಚರ್ಮವನ್ನು ಕೆರಳಿಸುವ ಸಾಧ್ಯತೆ ಹೆಚ್ಚು. ಪಪೇನ್ ಒಳಗೊಂಡು ಅನುಮೋದನೆಯಿಲ್ಲದೆ ಮಾರಾಟವಾಗುತ್ತಿದ್ದ ಲೇಪನ ಔಷಧಿಗಳಿಂದ ತೀವ್ರ ಅಲರ್ಜಿಯ ಪ್ರಕರಣಗಳು ವರದಿಯಾದ ಕಾರಣ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ ಅವುಗಳ ವಿರುದ್ಧ ಕ್ರಮ ಕೈಗೊಂಡಿತು.

ಸೌತೆಕಾಯಿ

ಸೌತೆಕಾಯಿಯ ಶೇಕಡ 95ರಷ್ಟು ಭಾಗ ನೀರು. ತಣ್ಣಗಿನ ಸಿಪ್ಪೆ ಅಥವಾ ಹೋಳುಗಳನ್ನು ಕಣ್ಣಿನ ಸುತ್ತ ಇಟ್ಟಾಗ ಊತ ಇಳಿದಂತೆ ಕಾಣುವುದು ಮುಖ್ಯವಾಗಿ ತಂಪಿನ ಪರಿಣಾಮ. ಕೆರಳಿಸುವ ಗುಣ ಕಡಿಮೆಯಿರುವ ಸಿಪ್ಪೆಗಳಲ್ಲಿ ಇದೂ ಒಂದು.

ಆಲೂಗಡ್ಡೆ

ಕಣ್ಣಿನ ಕೆಳಗಿನ ಕಪ್ಪು ವರ್ತುಲಕ್ಕೆ ಆಲೂಗಡ್ಡೆಯ ಸಿಪ್ಪೆ ಇಡುವುದು ಪ್ರಚಲಿತ ಮನೆಮದ್ದಾದರೂ ಅದರ ಪರಿಣಾಮ ಸಾಬೀತಾಗಿಲ್ಲ. ಹಸಿರುಬಣ್ಣಕ್ಕೆ ತಿರುಗಿದ ಅಥವಾ ಮೊಳಕೆಯೊಡೆದ ಆಲೂಗಡ್ಡೆಯ ಸಿಪ್ಪೆಯಲ್ಲಿ ಸೊಲನಿನ್ ಎಂಬ ವಿಷಕಾರಿ ಸಂಯುಕ್ತ ಹೆಚ್ಚಿರುವುದರಿಂದ ಅದನ್ನು ಬಳಸಬಾರದು.

ಆಲೂಗಡ್ಡೆ ಸಿಪ್ಪೆಗೆ ವೈದ್ಯಕೀಯ ಚರಿತ್ರೆಯಲ್ಲಿ ಒಂದು ವಿಶಿಷ್ಟ ಸ್ಥಾನವಿದೆ. ಮುಂಬಯಿಯ ವೈದ್ಯರಾದ ಎಂ. ಎಚ್. ಕೇಸ್ವಾನಿ ಮತ್ತು ಎ. ಆರ್. ಪಾಟೀಲ್ ಅವರು ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಸುಟ್ಟಗಾಯಗಳಿಗೆ ಪಟ್ಟಿಯಾಗಿ ಬಳಸಿದ ಪ್ರಾಥಮಿಕ ವರದಿಯನ್ನು 1985ರಲ್ಲಿ ಪ್ರಕಟಿಸಿದರು. ದುಬಾರಿ ಪಟ್ಟಿಗಳು ದೊರೆಯದ ಕಡೆ, ಗಾಯವನ್ನು ತೇವವಾಗಿಡುವ ಮತ್ತು ಅಂಟಿಕೊಳ್ಳದ ಅಗ್ಗದ ಹೊದಿಕೆಯಾಗಿ ಇದು ಗಮನ ಸೆಳೆಯಿತು. ಮುಂದೆ ಬಾಳೆಯೆಲೆಯನ್ನೂ ಇದೇ ಉದ್ದೇಶಕ್ಕೆ ಪರೀಕ್ಷಿಸಲಾಯಿತು. ಇವು ಆಸ್ಪತ್ರೆಯಲ್ಲಿ ಸೂಕ್ಷ್ಮಾಣುರಹಿತಗೊಳಿಸಿ ವೈದ್ಯರ ನಿಗಾದಲ್ಲಿ ಬಳಸಿದ ಪಟ್ಟಿಗಳು. ಮನೆಯಲ್ಲಿ ಸುಟ್ಟಗಾಯದ ಮೇಲೆ ಹಸಿ ಸಿಪ್ಪೆ ಇಡುವುದರಿಂದ ಸೋಂಕು ತಗಲುವ ಅಪಾಯವಿದೆ.

ಈರುಳ್ಳಿ

ಈರುಳ್ಳಿಯ ಒಣ ಹೊರಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಎಂಬ ಹಳದಿ ವರ್ಣದ ಫ್ಲೇವನಾಯ್ಡ್ ಇದೆ. ಸಿಪ್ಪೆಯನ್ನು ಕುದಿಸಿದ ನೀರು ಬಟ್ಟೆಗೆ ಹಾಗೂ ನರೆತ ಕೂದಲಿಗೆ ಹೊಂಬಣ್ಣದ ಛಾಯೆ ನೀಡಬಲ್ಲದು. ಕೂದಲು ಉದುರುವಿಕೆಗೆ ಸಂಬಂಧಿಸಿದಂತೆ ಈರುಳ್ಳಿಯ ಹೆಸರು ಕೇಳಿಬರುವುದು 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಿಂದ. ಆದರೆ ಅದರಲ್ಲಿ ಬಳಸಿದ್ದು ಈರುಳ್ಳಿಯ ರಸ, ಸಿಪ್ಪೆಯಲ್ಲ. ಪರೀಕ್ಷಿಸಿದ್ದೂ ತಲೆಯಲ್ಲಿ ವೃತ್ತಾಕಾರವಾಗಿ ಕೂದಲು ಉದುರುವ ನಿರ್ದಿಷ್ಟ ಕಾಯಿಲೆಯನ್ನು ಮಾತ್ರ.

ಅಂಟುವಾಳ

ಅಂಟುವಾಳಕಾಯಿಯ ಬೀಜ ತೆಗೆದ ಸಿಪ್ಪೆಯಲ್ಲಿ ಸ್ಯಾಪೊನಿನ್‌ಗಳು ಹೇರಳವಾಗಿವೆ. ನೀರಿನಲ್ಲಿ ನೆನೆಸಿ ಕಿವುಚಿದಾಗ ನೊರೆ ಬರುತ್ತದೆ. ಸ್ಯಾಪೊನಿನ್ ಅಣುವಿನ ಒಂದು ಭಾಗ ನೀರಿಗೂ ಇನ್ನೊಂದು ಭಾಗ ಜಿಡ್ಡಿಗೂ ಒಲಿಯುವುದರಿಂದ ಅದು ಸಾಬೂನಿನಂತೆಯೇ ಕೊಳೆ ತೆಗೆಯುತ್ತದೆ. ತಲೆಕೂದಲಲ್ಲದೆ ರೇಷ್ಮೆಬಟ್ಟೆ ಮತ್ತು ಚಿನ್ನದ ಒಡವೆಗಳನ್ನು ತೊಳೆಯಲೂ ಇದನ್ನು ಬಳಸುತ್ತಾರೆ. ಕಣ್ಣಿಗೆ ಬಿದ್ದರೆ ತೀವ್ರ ಉರಿ ಉಂಟಾಗುತ್ತದೆ. ಪಟ್ಟಿಯಲ್ಲಿರುವ ಸಿಪ್ಪೆಗಳಲ್ಲಿ ಉದ್ದೇಶಿತ ಕೆಲಸವನ್ನು ಅತ್ಯಂತ ಸ್ಪಷ್ಟವಾಗಿ ಮಾಡುವುದು ಬಹುಶಃ ಇದೇ.

ತಯಾರಿಕೆ

ಸಿಪ್ಪೆಯನ್ನು ದೀರ್ಘಕಾಲ ಇಡಬೇಕಾದರೆ ಒಣಗಿಸುವುದು ಅಗತ್ಯ. ಸಾಮಾನ್ಯ ಕ್ರಮ ಹೀಗಿದೆ:

1. ಹಣ್ಣನ್ನು ಸುಲಿಯುವ ಮೊದಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು.
2. ಸಿಪ್ಪೆಗೆ ಅಂಟಿದ ತಿರುಳನ್ನು ಪೂರ್ಣವಾಗಿ ತೆಗೆಯಬೇಕು. ತಿರುಳಿನ ಸಕ್ಕರೆಯ ಅಂಶವು ಬೂಷ್ಟು ಬೆಳೆಯಲು ಕಾರಣವಾಗುತ್ತದೆ.
3. ಸಣ್ಣ ಚೂರುಗಳಾಗಿ ಕತ್ತರಿಸಿ, ಮೊರ ಅಥವಾ ಶುಭ್ರವಾದ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಪೆಟ್ಟಿಗೆ ಅಥವಾ ಒಣಗಿಸುವ ಯಂತ್ರವನ್ನು ಬಳಸಬಹುದು.
4. ಮುರಿದಾಗ ಲಟಕ್ಕೆಂದು ತುಂಡಾಗುವಷ್ಟು ಒಣಗಿದ ಮೇಲೆ ಮಿಕ್ಸಿಯಲ್ಲಿ ಪುಡಿಮಾಡಿ, ನವಿರಾದ ಜರಡಿ ಅಥವಾ ತೆಳುಬಟ್ಟೆಯಲ್ಲಿ ಸೋಸಬೇಕು. ದಪ್ಪ ತರಿಗಳು ಮುಖದ ಚರ್ಮವನ್ನು ಗೀರುತ್ತವೆ.
5. ತೇವವಿಲ್ಲದ, ಗಾಳಿಯಾಡದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಬೇಕು.

ಹಸಿ ಸಿಪ್ಪೆಯನ್ನು ಅರೆದ ಲೇಪ ಹಾಗೂ ಕಷಾಯಗಳಲ್ಲಿ ಸಂರಕ್ಷಕಗಳಿಲ್ಲದ ಕಾರಣ ಸೂಕ್ಷ್ಮಾಣುಗಳು ಬೇಗನೆ ಬೆಳೆಯುತ್ತವೆ. ಅವನ್ನು ಆಗಾಗ್ಗೆ ಬೇಕಾದಷ್ಟೇ ತಯಾರಿಸಿ ಬಳಸಿ, ಉಳಿದುದನ್ನು ಎಸೆಯುವುದು ಸೂಕ್ತ.

ಬಳಕೆಯ ವಿಧಾನಗಳು

ಮುಖಲೇಪ: ಒಂದು ಚಮಚ ಕಿತ್ತಳೆ ಸಿಪ್ಪೆಯ ಪುಡಿಯನ್ನು ಎರಡು ಚಮಚ ಕಡಲೆಹಿಟ್ಟು ಅಥವಾ ಮುಲ್ತಾನಿ ಮಣ್ಣಿನೊಡನೆ ಬೆರೆಸಿ, ಮೊಸರು, ಹಾಲು ಅಥವಾ ಪನ್ನೀರಿನಲ್ಲಿ ಕಲಸಿ ಹಚ್ಚಲಾಗುತ್ತದೆ. ಲೇಪವು ಪೂರ್ಣವಾಗಿ ಒಣಗಿ ಬಿರುಕು ಬಿಡುವ ಮೊದಲೇ, ಅಂದರೆ ಸುಮಾರು 10 ನಿಮಿಷಗಳಲ್ಲಿ, ತೊಳೆಯುವುದು ವಾಡಿಕೆ. ಒಣಚರ್ಮದವರು ಮುಲ್ತಾನಿ ಮಣ್ಣಿನ ಬದಲು ಹಾಲಿನ ಕೆನೆ ಬಳಸುತ್ತಾರೆ.

ಸ್ನಾನದ ಪುಡಿ: ಹೆಸರುಕಾಳಿನ ಹಿಟ್ಟು, ಕಸ್ತೂರಿ ಅರಿಶಿನ, ಲಾವಂಚ, ಕಚೋರ ಮತ್ತು ಒಣಗಿದ ಕಿತ್ತಳೆ ಸಿಪ್ಪೆಗಳನ್ನು ಸೇರಿಸಿ ಬೀಸಿದ ಪುಡಿಯನ್ನು ಸಾಬೂನಿನ ಬದಲು ಬಳಸುವುದುಂಟು. ಕಾಳಿನ ಹಿಟ್ಟು ಜಿಡ್ಡನ್ನು ಹೀರಿಕೊಳ್ಳುತ್ತದೆ, ಸಿಪ್ಪೆಯ ಪುಡಿ ಉಜ್ಜಲು ನೆರವಾಗುತ್ತದೆ ಮತ್ತು ಪರಿಮಳ ನೀಡುತ್ತದೆ.

ಕೂದಲಿನ ಕಷಾಯ: ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಕಿವುಚಿ ಸೋಸಿದ ನೀರಿನಿಂದ ತಲೆ ತೊಳೆಯುತ್ತಾರೆ. ಈರುಳ್ಳಿ ಅಥವಾ ದಾಳಿಂಬೆ ಸಿಪ್ಪೆಯ ಕಷಾಯವನ್ನು ಮೆಹಂದಿ ಕಲಸಲು ಉಪಯೋಗಿಸುತ್ತಾರೆ.

ಮೈಯುಜ್ಜುವ ನಾರು: ಬಲಿತು ಒಣಗಿದ ತುಪ್ಪದ ಹೀರೆಕಾಯಿಯ ಹೊರಸಿಪ್ಪೆ ಮತ್ತು ಬೀಜಗಳನ್ನು ತೆಗೆದಾಗ ಉಳಿಯುವ ನಾರಿನ ಜಾಲವನ್ನು ಸ್ನಾನದಲ್ಲಿ ಮೈಯುಜ್ಜಲು ಬಳಸುತ್ತಾರೆ. ಇದು ಸಿಪ್ಪೆಯಲ್ಲದಿದ್ದರೂ ಇದೇ ಪರಂಪರೆಗೆ ಸೇರಿದೆ. ಸದಾ ಒದ್ದೆಯಾಗಿದ್ದರೆ ಇದರಲ್ಲಿ ಸೂಕ್ಷ್ಮಾಣುಗಳು ನೆಲೆಸುವುದರಿಂದ ಪ್ರತಿ ಬಳಕೆಯ ಅನಂತರ ಒಣಗಿಸಬೇಕು.

ವೈಜ್ಞಾನಿಕ ಆಧಾರ

ಸಿಪ್ಪೆಯ ಸಾರಗಳ ಬಗ್ಗೆ ಪ್ರಕಟವಾಗಿರುವ ಸಂಶೋಧನೆಗಳಲ್ಲಿ ಹೆಚ್ಚಿನವು ಪರೀಕ್ಷಾನಳಿಗೆಯಲ್ಲಿ ಅಥವಾ ಜೀವಕೋಶಗಳ ಮೇಲೆ ನಡೆದಂಥವು. ಉದಾಹರಣೆಗೆ, ದಾಳಿಂಬೆ ಸಿಪ್ಪೆಯ ಎಲ್ಯಾಜಿಕ್ ಆಮ್ಲವು ಮೆಲನಿನ್ ಉತ್ಪಾದನೆಗೆ ಬೇಕಾದ ಟೈರೊಸಿನೇಸ್ ಎಂಬ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆ. ಆದರೆ ಇಂತಹ ಪ್ರಯೋಗಗಳಲ್ಲಿ ಬಳಸುವುದು ದ್ರಾವಕಗಳಿಂದ ಬೇರ್ಪಡಿಸಿದ, ಪ್ರಮಾಣ ನಿಗದಿಯಾದ ಸಾರವನ್ನು. ಹಿಟ್ಟಿನೊಡನೆ ಕಲಸಿದ ಪುಡಿಯಲ್ಲಿ ಆ ವಸ್ತು ಎಷ್ಟಿದೆ, ಅದರಲ್ಲಿ ಎಷ್ಟು ಭಾಗ ಚರ್ಮದ ಹೊರಪದರವನ್ನು ದಾಟಿ ಒಳಸೇರುತ್ತದೆ ಎಂಬುದು ಪ್ರತ್ಯೇಕ ಪ್ರಶ್ನೆ.

ಸಿ ಜೀವಸತ್ವದ ವಿಷಯದಲ್ಲಿ ಈ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ 1928ರಲ್ಲಿ ಪ್ರತ್ಯೇಕಿಸಿದ ಈ ವಸ್ತುವು ಚರ್ಮದ ಕೊಲಾಜೆನ್ ರಚನೆಗೆ ಅಗತ್ಯವಾದುದು. ಅವರಿಗೆ 1937ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇದನ್ನು ಹೊರಗಿನಿಂದ ಹಚ್ಚಿದಾಗ ಚರ್ಮದೊಳಕ್ಕೆ ಸೇರಬೇಕಾದರೆ ದ್ರಾವಣದ ಆಮ್ಲೀಯತೆಯ ಸೂಚ್ಯಂಕ, ಅಂದರೆ ಪಿಎಚ್, 3.5ಕ್ಕಿಂತ ಕಡಿಮೆಯಿರಬೇಕು, ಪ್ರಮಾಣವೂ ಸಾಕಷ್ಟು ಹೆಚ್ಚಿರಬೇಕು ಎಂದು ಅಧ್ಯಯನಗಳು ತೋರಿಸಿವೆ. ಔಷಧಾಲಯದ ದ್ರಾವಣಗಳಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಶೇಕಡ 10ರಿಂದ 20. ಹಸಿ ಕಿತ್ತಳೆ ಸಿಪ್ಪೆಯಲ್ಲಿ ಅದು ಶೇಕಡ 0.14ರಷ್ಟು ಮಾತ್ರ.

ಲೇಪದ ಅನಂತರ ಚರ್ಮವು ನಯವಾಗಿ, ಕಾಂತಿಯುತವಾಗಿ ಕಾಣುವುದು ಹುಸಿಯಲ್ಲ. ಸತ್ತ ಜೀವಕೋಶಗಳು ಉಜ್ಜಿಹೋಗುವುದು, ಜಿಡ್ಡು ಹೀರಲ್ಪಡುವುದು, ನೀರಿನ ಅಂಶ ಹೆಚ್ಚುವುದು ಮತ್ತು ಟ್ಯಾನಿನ್‌ನ ಬಿಗಿತ ಇದಕ್ಕೆ ಕಾರಣಗಳು. ಇವು ಮೇಲ್ಪದರದ, ತಾತ್ಕಾಲಿಕ ಪರಿಣಾಮಗಳು. ಭಂಗು, ತೊನ್ನು, ಇಸುಬು, ತೀವ್ರವಾದ ಮೊಡವೆ ಮುಂತಾದ ಚರ್ಮದ ಕಾಯಿಲೆಗಳಿಗೆ ಸಿಪ್ಪೆಯ ಲೇಪಗಳು ಚಿಕಿತ್ಸೆಯಲ್ಲ.

ಅಪಾಯಗಳು

ಬೆಳಕಿನಿಂದ ಉಂಟಾಗುವ ಸುಟ್ಟಗಾಯ

ನಿಂಬೆ, ಬರ್ಗಮಾಟ್, ಹುಳಿ ಕಿತ್ತಳೆ ಮೊದಲಾದ ಹಣ್ಣುಗಳ ಸಿಪ್ಪೆಯ ತೈಲದಲ್ಲಿ ಫ್ಯೂರೊಕೌಮರಿನ್ ಎಂಬ ಸಂಯುಕ್ತಗಳಿರುತ್ತವೆ. ಇವು ಚರ್ಮದ ಮೇಲಿರುವಾಗ ಬಿಸಿಲು ತಾಕಿದರೆ, 320ರಿಂದ 400 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಜೀವಕೋಶಗಳಿಗೆ ಹಾನಿ ಮಾಡುತ್ತವೆ. ಸುಮಾರು 24 ಗಂಟೆಗಳ ಅನಂತರ ಕೆಂಪು, ಉರಿ ಮತ್ತು ಕೆಲವೊಮ್ಮೆ ನೀರುಗುಳ್ಳೆಗಳು ಕಾಣಿಸಿಕೊಂಡು 48ರಿಂದ 72 ಗಂಟೆಗಳಲ್ಲಿ ಉಲ್ಬಣಿಸುತ್ತವೆ. ಗುಳ್ಳೆಗಳು ಒಣಗಿದ ಮೇಲೆ ಉಳಿಯುವ ಕಪ್ಪು ಕಲೆಗಳು ವಾರಗಟ್ಟಲೆ, ಹಲವೊಮ್ಮೆ ತಿಂಗಳುಗಟ್ಟಲೆ ಮಾಸುವುದಿಲ್ಲ. ಲಕ್ಷಣಗಳು ಒಂದು ದಿನ ತಡವಾಗಿ ತೋರುವುದರಿಂದ ಹಲವರು ಅದನ್ನು ನಿಂಬೆಯೊಡನೆ ಸಂಬಂಧಿಸಿ ನೋಡುವುದಿಲ್ಲ. ಬರ್ಗಮಾಟ್ ತೈಲವಿದ್ದ ಸುಗಂಧದ್ರವ್ಯಗಳನ್ನು ಹಚ್ಚಿಕೊಂಡವರ ಕುತ್ತಿಗೆಯ ಮೇಲೆ ಇಂತಹ ಕಲೆಗಳು ಮೂಡುವುದನ್ನು 20ನೇ ಶತಮಾನದ ಆರಂಭದಲ್ಲಿಯೇ ವೈದ್ಯರು ವರ್ಣಿಸಿದ್ದರು.

ಆಮ್ಲೀಯತೆ

ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ ಸುಮಾರು 4.5ರಿಂದ 5.5. ನಿಂಬೆರಸದ್ದು 2ರ ಆಸುಪಾಸಿನಲ್ಲಿದೆ. ಇಂತಹ ಹಣ್ಣಿನ ಆಮ್ಲಗಳನ್ನು ಬಳಸುವ ಗ್ರಾಹಕ ಪ್ರಸಾಧನಗಳ ಪಿಎಚ್ 3.5ಕ್ಕಿಂತ ಕಡಿಮೆ ಇರಬಾರದೆಂದು ಅಮೆರಿಕದ ಪ್ರಸಾಧನ ಪರಿಶೀಲನಾ ತಜ್ಞರ ಮಂಡಳಿಯು ಸೂಚಿಸಿದೆ. ನಿಂಬೆಯ ಹೋಳನ್ನು ನೇರವಾಗಿ ಮುಖಕ್ಕೆ ಉಜ್ಜುವುದು ಈ ಮಿತಿಯನ್ನು ಮೀರುತ್ತದೆ. ಹಲ್ಲು ಬಿಳುಪಾಗಿಸಲು ನಿಂಬೆಯ ಸಿಪ್ಪೆ ಉಜ್ಜುವುದೂ ಹಾನಿಕರ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ಕರಗಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಅಲರ್ಜಿ

ಮಾವು, ಗೇರು ಇವು ಒಂದೇ ಕುಟುಂಬಕ್ಕೆ ಸೇರಿದ ಸಸ್ಯಗಳು. ಮಾವಿನ ಸೊನೆ ಮತ್ತು ಸಿಪ್ಪೆಯಲ್ಲಿರುವ ರೆಸಾರ್ಸಿನಾಲ್ ವರ್ಗದ ಸಂಯುಕ್ತಗಳು ಸೂಕ್ಷ್ಮಚರ್ಮದವರಲ್ಲಿ ತುರಿಕೆ, ಊತ ಹಾಗೂ ಗುಳ್ಳೆಗಳನ್ನು ಉಂಟುಮಾಡುತ್ತವೆ. ಗೇರುಬೀಜದ ಗಡುಸಾದ ಹೊರಸಿಪ್ಪೆಯ ಎಣ್ಣೆಯು ಇದಕ್ಕಿಂತ ತೀಕ್ಷ್ಣವಾಗಿದ್ದು ಚರ್ಮವನ್ನು ಸುಡುತ್ತದೆ. ಆದ್ದರಿಂದ ಮಾವಿನ ಸಿಪ್ಪೆಯನ್ನು ಮುಖಕ್ಕೆ ಉಜ್ಜುವುದು ಸೂಕ್ತವಲ್ಲ, ಗೇರುಬೀಜದ ಸಿಪ್ಪೆಯನ್ನು ಎಂದಿಗೂ ಬಳಸಬಾರದು. ರಬ್ಬರಿನ ಕೈಗವಸು ಮುಂತಾದವುಗಳ ಅಲರ್ಜಿ ಇರುವವರಿಗೆ ಬಾಳೆ, ಪಪ್ಪಾಯಿ, ಬೆಣ್ಣೆಹಣ್ಣು ಮತ್ತು ಕಿವಿ ಹಣ್ಣುಗಳಿಂದಲೂ ಅಲರ್ಜಿಯಾಗುವ ಸಂಭವವಿದೆ.

ಕಿತ್ತಳೆಯ ಲಿಮೊನೀನ್ ಗಾಳಿಯಲ್ಲಿ ಉತ್ಕರ್ಷಣೆಗೊಂಡಾಗ ಅಲರ್ಜಿಕಾರಕವಾಗುತ್ತದೆ. ಆದುದರಿಂದ ಹಳೆಯ ಪುಡಿಯು ಹೊಸ ಪುಡಿಗಿಂತ ಹೆಚ್ಚು ತೊಂದರೆ ಕೊಡಬಹುದು. ಐರೋಪ್ಯ ಒಕ್ಕೂಟದಲ್ಲಿ ಹಚ್ಚಿ ಬಿಡುವ ಪ್ರಸಾಧನಗಳಲ್ಲಿ ಲಿಮೊನೀನ್ ಶೇಕಡ 0.001ಕ್ಕಿಂತಲೂ, ತೊಳೆಯುವ ಪ್ರಸಾಧನಗಳಲ್ಲಿ ಶೇಕಡ 0.01ಕ್ಕಿಂತಲೂ ಹೆಚ್ಚಿದ್ದರೆ ಅದನ್ನು ಹೆಸರುಪಟ್ಟಿಯಲ್ಲಿ ನಮೂದಿಸುವುದು ಕಡ್ಡಾಯ.

ಕೀಟನಾಶಕ, ಮೇಣ ಮತ್ತು ಬೂಷ್ಟು

ಬೆಳೆಗೆ ಸಿಂಪಡಿಸಿದ ಕೀಟನಾಶಕಗಳು ಮತ್ತು ಕೊಯ್ಲಿನ ಅನಂತರ ಲೇಪಿಸುವ ಶಿಲೀಂಧ್ರನಾಶಕ ಹಾಗೂ ಮೇಣಗಳು ಸಿಪ್ಪೆಯ ಮೇಲೆಯೇ ಹೆಚ್ಚಾಗಿ ಉಳಿಯುತ್ತವೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇಬಿನ ಮೇಲ್ಮೈಯಲ್ಲಿದ್ದ ಎರಡು ಬಗೆಯ ಕೀಟ ಮತ್ತು ಶಿಲೀಂಧ್ರನಾಶಕಗಳನ್ನು ಅಡುಗೆ ಸೋಡದ ದ್ರಾವಣವು 12ರಿಂದ 15 ನಿಮಿಷಗಳಲ್ಲಿ ತೆಗೆಯಬಲ್ಲುದೆಂದು ತೋರಿಸಿದರು. ಆದರೆ ಸಿಪ್ಪೆಯ ಒಳಕ್ಕೆ ಇಳಿದ ಭಾಗವನ್ನು ಅದರಿಂದ ಪೂರ್ಣವಾಗಿ ತೆಗೆಯಲಾಗಲಿಲ್ಲ. ಸರಿಯಾಗಿ ಒಣಗದ ಸಿಪ್ಪೆಯಲ್ಲಿ ಬೆಳೆಯುವ ಬೂಷ್ಟು ಇನ್ನೊಂದು ಅಪಾಯ. ಮುಗ್ಗಲು ವಾಸನೆ ಬಂದ ಪುಡಿಯನ್ನು ಬಳಸಬಾರದು.

ಸುರಕ್ಷತಾ ಕ್ರಮಗಳು

* ಹೊಸ ಲೇಪವನ್ನು ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, 24ರಿಂದ 48 ಗಂಟೆಗಳ ಕಾಲ ಗಮನಿಸಬೇಕು.
* ನಿಂಬೆಯ ಸಿಪ್ಪೆ ತಾಕಿದ ಭಾಗವನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯದೆ ಬಿಸಿಲಿಗೆ ಹೋಗಬಾರದು.
* ಗಾಯ, ಸೋಂಕು, ಉರಿಯೂತದ ಮೊಡವೆ ಅಥವಾ ಆಗತಾನೆ ಕ್ಷೌರ ಮಾಡಿದ ಚರ್ಮದ ಮೇಲೆ ಹಚ್ಚಬಾರದು.
* ವಾರಕ್ಕೆ ಒಂದೆರಡು ಬಾರಿಗಿಂತ ಹೆಚ್ಚಾಗಿ ಉಜ್ಜಿದರೆ ಚರ್ಮದ ರಕ್ಷಣಾಪದರ ಸವೆಯುತ್ತದೆ.
* ಶಿಶುಗಳ ಚರ್ಮದ ಮೇಲೆ ಬಳಸಬಾರದು.
* ಉರಿ ಅಥವಾ ತುರಿಕೆ ಆರಂಭವಾದ ಕೂಡಲೆ ತಣ್ಣೀರಿನಿಂದ ತೊಳೆಯಬೇಕು. ಗುಳ್ಳೆ ಅಥವಾ ಊತ ಕಂಡುಬಂದರೆ ಚರ್ಮರೋಗ ತಜ್ಞರನ್ನು ಕಾಣಬೇಕು.

ಮೈಬಣ್ಣದ ಪ್ರಶ್ನೆ

ಸಿಪ್ಪೆಯ ಲೇಪಗಳನ್ನು ಬಹಳಷ್ಟು ಮಂದಿ ಬಳಸುವುದು ಮೈಬಣ್ಣ ತಿಳಿಯಾಗಲಿ ಎಂಬ ಆಸೆಯಿಂದ. ಚರ್ಮದ ಸಹಜ ವರ್ಣವು ಮುಖ್ಯವಾಗಿ ಅನುವಂಶೀಯವಾದುದು. ಬಿಸಿಲಿನಿಂದ ಉಂಟಾದ ಕಪ್ಪು ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಮೆಲನಿನ್ ಅಧಿಕವಾಗಿರುವ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮದಲ್ಲಿ, ಯಾವುದೇ ಉರಿ ಅಥವಾ ಗಾಯವಾದ ಜಾಗದಲ್ಲಿ ಹೆಚ್ಚುವರಿ ಮೆಲನಿನ್ ಸಂಗ್ರಹಗೊಂಡು ಕಪ್ಪು ಕಲೆ ಉಳಿಯುವ ಪ್ರವೃತ್ತಿ ಅಧಿಕ. ಹೀಗಾಗಿ ಬಣ್ಣವನ್ನು ತಿಳಿಗೊಳಿಸಲೆಂದು ನಿಂಬೆಯನ್ನು ಬಲವಾಗಿ ಉಜ್ಜುವ ಕ್ರಮವು ಭಾರತೀಯ ಚರ್ಮದಲ್ಲಿ ಉದ್ದೇಶಕ್ಕೆ ತದ್ವಿರುದ್ಧವಾದ ಫಲ ನೀಡುವ ಸಾಧ್ಯತೆಯಿದೆ.

ಕಪ್ಪು ಬಣ್ಣವನ್ನು ಕೀಳೆಂದು ಬಿಂಬಿಸುವ ಜಾಹೀರಾತುಗಳ ವಿರುದ್ಧ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಮನೆಮದ್ದುಗಳ ಪ್ರಚಾರದಲ್ಲಿ ಮಾತ್ರ ಬೆಳ್ಳಗಾಗುವ ಭರವಸೆ ಇಂದಿಗೂ ಸಾಮಾನ್ಯವಾಗಿ ಕಂಡುಬರುತ್ತದೆ.

ವಾಣಿಜ್ಯ ಬಳಕೆ ಮತ್ತು ಕಾನೂನು

ಕಿತ್ತಳೆ ಸಿಪ್ಪೆಯ ಪುಡಿ, ಸಿಪ್ಪೆಯಿಂದ ತೆಗೆದ ಸುಗಂಧತೈಲ ಹಾಗೂ ದಾಳಿಂಬೆ ಸಿಪ್ಪೆಯ ಸಾರಗಳು ಸಾಬೂನು, ಮುಖಲೇಪ ಮತ್ತು ಕ್ರೀಮುಗಳಲ್ಲಿ ಘಟಕಗಳಾಗಿ ಬಳಕೆಯಾಗುತ್ತಿವೆ. ಮೈಯುಜ್ಜುವ ಪ್ರಸಾಧನಗಳಲ್ಲಿದ್ದ ಸೂಕ್ಷ್ಮ ಪ್ಲಾಸ್ಟಿಕ್ ಮಣಿಗಳನ್ನು ನಿಷೇಧಿಸುವ ಕಾನೂನನ್ನು ಅಮೆರಿಕವು 2015ರಲ್ಲಿ ಅಂಗೀಕರಿಸಿತು. ಬ್ರಿಟನ್ನಿನಲ್ಲಿ 2018ರಲ್ಲಿ ನಿಷೇಧ ಜಾರಿಗೆ ಬಂದಿತು. ಸಿಪ್ಪೆ, ಬೀಜ ಮತ್ತು ಓಟೆಗಳ ಪುಡಿಯು ಈ ಮಣಿಗಳಿಗೆ ಪರ್ಯಾಯಗಳಲ್ಲಿ ಒಂದಾಗಿದೆ.

ಭಾರತದಲ್ಲಿ ಮಾರಾಟಕ್ಕಾಗಿ ಪ್ರಸಾಧನಗಳನ್ನು ತಯಾರಿಸುವುದಕ್ಕೆ 1940ರ ಔಷಧ ಮತ್ತು ಪ್ರಸಾಧನ ಕಾಯಿದೆ ಹಾಗೂ 2020ರ ಪ್ರಸಾಧನ ನಿಯಮಗಳು ಅನ್ವಯಿಸುತ್ತವೆ. ಸ್ವಂತ ಬಳಕೆಗೆ ತಯಾರಿಸಿದ ಪುಡಿಗೆ ಪರವಾನಗಿ ಬೇಕಿಲ್ಲ. ಆದರೆ ಅದನ್ನೇ ಪೊಟ್ಟಣಕಟ್ಟಿ ಮಾರಬೇಕಾದರೆ ಪರವಾನಗಿ ಪಡೆದು, ಘಟಕಗಳ ಪಟ್ಟಿ ಹಾಗೂ ಬಳಕೆಯ ಅವಧಿಯನ್ನು ನಮೂದಿಸಬೇಕಾಗುತ್ತದೆ.

ಪರಿಸರ ಮತ್ತು ಇತರ ಉಪಯೋಗಗಳು

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನ ಮನೆ, ಹೋಟೆಲು ಮತ್ತು ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಸಿಪ್ಪೆಯಂತಹ ತಿನ್ನದ ಭಾಗಗಳೂ ಈ ಲೆಕ್ಕದಲ್ಲಿ ಸೇರಿವೆ. ಇದರ ಶೇಕಡ 60ರಷ್ಟು ಮನೆಗಳಿಂದಲೇ ಬಂದುದು. ಸೌಂದರ್ಯ ಆರೈಕೆಗೆ ಬೇಕಾಗುವ ಸಿಪ್ಪೆಯ ಪ್ರಮಾಣ ಅಲ್ಪವಾದುದರಿಂದ ತ್ಯಾಜ್ಯದ ಮೇಲೆ ಅದರ ನೇರ ಪರಿಣಾಮ ಕಡಿಮೆ. ಆದರೂ ಸಿಪ್ಪೆಯನ್ನು ಕಸವೆಂದು ಎಸೆಯದೆ ಸಂಪನ್ಮೂಲವೆಂದು ನೋಡುವ ಅಭ್ಯಾಸಕ್ಕೆ ಅದು ನಾಂದಿಯಾಗಬಲ್ಲದು.

ಕರ್ನಾಟಕದ ಅಡುಗೆಯಲ್ಲಿ ಕಿತ್ತಳೆ ಸಿಪ್ಪೆಯ ಗೊಜ್ಜು, ಹೀರೆಕಾಯಿ ಸಿಪ್ಪೆಯ ಚಟ್ನಿಯಂತಹ ಖಾದ್ಯಗಳಿವೆ. ಉಳಿದ ಸಿಪ್ಪೆಗಳು ದನಕರುಗಳ ಮೇವಾಗಿ, ಎರೆಗೊಬ್ಬರ ಮತ್ತು ಅಡುಗೆ ಅನಿಲದ ಉತ್ಪಾದನೆಗೆ ಕಚ್ಚಾವಸ್ತುವಾಗಿ ಉಪಯೋಗವಾಗುತ್ತವೆ. ಮುಖಕ್ಕೆ ಹಚ್ಚಿ ತೊಳೆದ ಲೇಪದ ಶೇಷವೂ ಮಣ್ಣಿನಲ್ಲಿ ಸುಲಭವಾಗಿ ಕೊಳೆಯುತ್ತದೆ.

ಇವನ್ನೂ ನೋಡಿ

* ಅಂಟುವಾಳ
* ಸೀಗೆಕಾಯಿ
* ಅಭ್ಯಂಜನ
* ಸಿ ಜೀವಸತ್ವ
* ಕೊಡಗಿನ ಕಿತ್ತಳೆ
* ಮುಲ್ತಾನಿ ಮಣ್ಣು